ಗೋಪುರವಿಲ್ಲದ ನಿಲ್ದಾಣಗಳ ಆಕಾಶ: ಸಣ್ಣ ವಿಮಾನಗಳ ಘರ್ಷಣೆಯೂ ಅದರ ನಿವಾರಣೆಯ ಮತಭೇದಗಳೂ

ವಿಮಾನ ನಿಲ್ದಾಣವೆಂದರೆ ನಮ್ಮಲ್ಲಿ ಬಹುಮಂದಿಯ ಮನಸ್ಸಿಗೆ ಬರುವುದು ಗಾಜಿನ ಕೋಣೆಯನ್ನು ನೆತ್ತಿಯಲ್ಲಿ ಹೊತ್ತ ಎತ್ತರದ ಗೋಪುರ ಮತ್ತು ಅದರೊಳಗೆ ಕುಳಿತು ಇಂಥ ವಿಮಾನ ಏರಲಿ, ಇಂಥದು ಇಳಿಯಲಿ, ಇಂಥದು ಕಾದಿರಲಿ ಎಂದು ಅಪ್ಪಣೆ ಕೊಡುವ ಅಧಿಕಾರಿ. ಆದರೆ ಸಣ್ಣ ವಿಮಾನಗಳ ಸಂಚಾರ ಪ್ರಪಂಚದಲ್ಲೇ ಅತ್ಯಧಿಕವಾಗಿರುವ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ, ಸಾರ್ವಜನಿಕರ ಉಪಯೋಗಕ್ಕೆ ತೆರೆದಿರುವ ಸುಮಾರು 5,000 ನಿಲ್ದಾಣಗಳ ಪೈಕಿ ಅಂಥ ಗೋಪುರವಿರುವುದು 500ಕ್ಕಿಂತ ಸ್ವಲ್ಪ ಹೆಚ್ಚು ಕಡೆಗಳಲ್ಲಿ ಮಾತ್ರ. ಮಿಕ್ಕೆಡೆಯಲ್ಲೆಲ್ಲ ಅಪ್ಪಣೆ ಕೊಡುವವರೇ ಇಲ್ಲ. ಒಂಟಿಯಾಗಿ ಹಾರಲು ಈಗತಾನೆ ಅನುಮತಿ ಪಡೆದ ವಿದ್ಯಾರ್ಥಿ, ಅವನ ಎರಡರಷ್ಟು ವೇಗದಲ್ಲಿ ಬರುವ ಎರಡು ಎಂಜಿನ್ನಿನ ವಿಮಾನ, ಹೊಲಗಳಿಗೆ ಔಷಧ ಸಿಂಪಡಿಸುವವ, ಎಂಜಿನ್ನೇ ಇಲ್ಲದ ಗ್ಲೈಡರು, ಹೆಲಿಕಾಪ್ಟರು, ಒಮ್ಮೊಮ್ಮೆ ಜೆಟ್ಟು, ಇವರೆಲ್ಲರೂ ತಮ್ಮ ತಮ್ಮಲ್ಲೇ ಸರದಿಯನ್ನು ಗೊತ್ತುಮಾಡಿಕೊಂಡು ಒಂದೇ ರನ್‌ವೇಯಲ್ಲಿ ಇಳಿಯಬೇಕು.

ಇವರು ಒಬ್ಬರನ್ನೊಬ್ಬರು ಹಾಯದಂತೆ ಮಾಡುವ ಬಗೆ ಹೇಗೆಂಬ ಪ್ರಶ್ನೆಗೆ ಈಗ ನೂರು ವರ್ಷಗಳಷ್ಟು ವಯಸ್ಸಾಗಿದೆ. ಆದರೂ ಅದು ಇತ್ಯರ್ಥವಾಗಿಲ್ಲ. ಇಂಥ ಘರ್ಷಣೆಗಳು ಮಂಜಿನಲ್ಲೋ ಕತ್ತಲಿನಲ್ಲೋ ಸಂಭವಿಸುತ್ತವೆಂದು ಭಾವಿಸುವುದು ಸಹಜವಾದರೂ ವಸ್ತುಸ್ಥಿತಿ ಇದಕ್ಕೆ ತದ್ವಿರುದ್ಧವಾಗಿದೆ: ಬಹುಪಾಲು ಘರ್ಷಣೆಗಳು ನಡೆದಿರುವುದು ಹಗಲಿನಲ್ಲಿ, ತಿಳಿಯಾದ ಆಕಾಶದಲ್ಲಿ, ನಿಲ್ದಾಣದ ಸಮೀಪದಲ್ಲಿ. ಹಾರಾಟಗಳ ಒಟ್ಟು ಸಂಖ್ಯೆಯ ಮುಂದೆ ಇವು ವಿರಳವೆಂಬುದು ನಿಜ. ಆದರೆ ಒಮ್ಮೆ ನಡೆದರೆ ಅನೇಕ ವೇಳೆ ಪ್ರಾಣಹಾನಿಯಾಗುತ್ತದೆ. ನಮ್ಮ ದೇಶದಿಂದ ವೈಮಾನಿಕ ಶಿಕ್ಷಣಕ್ಕಾಗಿ ಹೊರದೇಶಗಳಿಗೆ ಹೋಗುವ ತರುಣ ತರುಣಿಯರಲ್ಲಿ ಅನೇಕರು ಮೊದಲ ಹಾರಾಟಗಳನ್ನು ಕಲಿಯುವುದು ಇಂಥ ನಿಲ್ದಾಣಗಳಲ್ಲಿಯೇ. 2025ರ ಜುಲೈ 8ರಂದು ಕೆನಡಾದ ಮ್ಯಾನಿಟೋಬ ಪ್ರಾಂತದ ಸ್ಟೈನ್‌ಬಾಕ್ ಬಳಿ ಎರಡು ತರಬೇತಿ ವಿಮಾನಗಳು ಡಿಕ್ಕಿಯಾಗಿ ಮಡಿದ ಇಬ್ಬರು ವಿದ್ಯಾರ್ಥಿಗಳಲ್ಲಿ ಒಬ್ಬರು ಕೇರಳದವರು. ಆದುದರಿಂದ ಇದನ್ನು ಪರದೇಶದ ವಿಚಾರವೆಂದು ನಾವು ಬದಿಗಿಡುವಂತಿಲ್ಲ.

ಪೂರ್ವೇತಿಹಾಸ

ವಾಯುಸಂಚಾರದ ಮೊದಲ ಅಂತರರಾಷ್ಟ್ರೀಯ ನಿಯಮಗಳು 1919ರ ಪ್ಯಾರಿಸ್ ಒಪ್ಪಂದದ ಅನುಬಂಧದಲ್ಲಿ ರೂಪುಗೊಂಡವು. ಹಡಗುಗಳ ನಿಯಮಗಳನ್ನೇ ಬಹುಮಟ್ಟಿಗೆ ಅನುಸರಿಸಿದ ಅವುಗಳ ಸಾರ ಇಂದಿಗೂ ಹಾಗೆಯೇ ಉಳಿದುಬಂದಿದೆ: ಎದುರುಬದುರಾದವರು ತಂತಮ್ಮ ಬಲಕ್ಕೆ ತಿರುಗಬೇಕು, ಅಡ್ಡ ಬರುವವರಲ್ಲಿ ಬಲಗಡೆ ಇರುವವನಿಗೆ ದಾರಿ ಬಿಡಬೇಕು, ಹಿಂದಿನಿಂದ ಮೀರುವವನು ಬಲದಿಂದ ಸುತ್ತಿ ಹೋಗಬೇಕು. ಆ ಕಾಲದ ನಿಲ್ದಾಣವೆಂದರೆ ಹುಲ್ಲಿನ ಬಯಲು; ಗಾಳಿ ಯಾವ ಕಡೆಯಿಂದ ಬೀಸುವುದೆಂದು ತೋರಿಸುವ ಬಟ್ಟೆಯ ಚೀಲವೊಂದೇ ಅಲ್ಲಿನ ನಿಯಾಮಕ. 1929ರಲ್ಲಿ ಸೇಂಟ್ ಲೂಯಿಸ್ ನಗರದ ಬಯಲಿನಲ್ಲಿ ಆರ್ಚಿ ಲೀಗ್ ಎಂಬಾತ ಕೈಗಾಡಿಯಲ್ಲಿ ಸಾಮಾನು ಸರಂಜಾಮು ತಳ್ಳಿಕೊಂಡು ಬಂದು, ಹೋಗಬಹುದೆಂಬುದಕ್ಕೆ ಚೌಕುಳಿಯ ಬಾವುಟವನ್ನೂ ನಿಲ್ಲಬೇಕೆಂಬುದಕ್ಕೆ ಕೆಂಪು ಬಾವುಟವನ್ನೂ ಬೀಸತೊಡಗಿದನು. ಮರುವರ್ಷ ಕ್ಲೀವ್‌ಲೆಂಡಿನಲ್ಲಿ ರೇಡಿಯೊ ಉಳ್ಳ ಗೋಪುರವೊಂದು ಎದ್ದಿತು. ಇಲ್ಲಿಂದಾಚೆಗೆ ನಿಲ್ದಾಣಗಳು ಎರಡು ಜಾತಿಯಾದವು.

1956ರ ಜೂನ್ 30ರಂದು ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಮೇಲೆ ಎರಡು ಪ್ರಯಾಣಿಕ ವಿಮಾನಗಳು ಢಿಕ್ಕಿ ಹೊಡೆದು 128 ಜನ ಸತ್ತದ್ದು ಅಮೆರಿಕದ ವಾಯುಶಾಸನವನ್ನೇ ಬದಲಿಸಿತು. 1958ರ ಕಾನೂನಿನಿಂದ ಹುಟ್ಟಿದ ಎಫ್‌ಎಎ ಸಂಸ್ಥೆ ದೊಡ್ಡ ವಿಮಾನಗಳ ದಾರಿಗಳನ್ನು ರೇಡಾರಿನ ಕೆಳಗೆ ತಂದಿತು. ಆದರೆ ಆ ಅವಘಡದಲ್ಲಿ ಸೋತದ್ದೆಂದು ಎಲ್ಲರೂ ಒಪ್ಪಿದ್ದ ತತ್ತ್ವ, ಎಂದರೆ ಪ್ರತಿಯೊಬ್ಬ ವೈಮಾನಿಕನೂ ತಾನೇ ಕಂಡು ತಾನೇ ತಪ್ಪಿಸಿಕೊಳ್ಳಬೇಕೆಂಬ ತತ್ತ್ವ, ಸಣ್ಣ ನಿಲ್ದಾಣಗಳ ಪಾಲಿಗೆ ಯಥಾವತ್ತಾಗಿ ಉಳಿಯಿತು. ಇಂದಿನ ವಾದವಿವಾದಗಳ ಮೂಲ ಇಲ್ಲಿಯೇ ಇರುವುದೆಂದು ನಾನು ತಿಳಿಯುತ್ತೇನೆ.

ದೃಷ್ಟಿಯನ್ನು ಪ್ರಮಾಣವೆಂದವರು

ಪ್ರಾಚೀನವಾದ ಪಕ್ಷ ಇದು. ಹವೆ ತಿಳಿಯಾಗಿರುವಾಗ ಯಾವ ವೈಮಾನಿಕನೂ ಹೊರಗೆ ನೋಡುವ ಕರ್ತವ್ಯದಿಂದ ಮುಕ್ತನಲ್ಲವೆಂದು ಅಮೆರಿಕದ ನಿಯಮಾವಳಿ ಇಂದಿಗೂ ವಿಧಿಸುತ್ತದೆ. ಈ ಪಕ್ಷಕ್ಕಿರುವ ಬಲವೆಂದರೆ ಅದು ಯಾವ ಯಂತ್ರವನ್ನೂ ಬೇಡುವುದಿಲ್ಲ. ವಿದ್ಯುತ್ತಿನ ವ್ಯವಸ್ಥೆಯೇ ಇಲ್ಲದ, 1930ರ ದಶಕದ ಪೈಪರ್ ಕಬ್ ವಿಮಾನಕ್ಕೂ ನಿನ್ನೆ ಮೊನ್ನೆ ಕಾರ್ಖಾನೆಯಿಂದ ಹೊರಬಂದ ವಿಮಾನಕ್ಕೂ ಅದು ಸಮಾನವಾಗಿ ಅನ್ವಯಿಸುತ್ತದೆ.

ಆದರೆ ಕಣ್ಣಿನ ಶಕ್ತಿ ಎಷ್ಟೆಂಬುದನ್ನು ಅಳೆದು ನೋಡಿದವರು ನಿರಾಶರಾದರು. ವಸ್ತುವೊಂದನ್ನು ಕಂಡು, ಅದು ವಿಮಾನವೆಂದು ಗುರುತಿಸಿ, ಅಪಾಯವನ್ನರಿತು, ನಿಶ್ಚಯಿಸಿ, ಕೈಯಾಡಿಸಿ, ವಿಮಾನ ತಿರುಗುವಷ್ಟರಲ್ಲಿ 12.5 ಸೆಕೆಂಡು ಕಳೆಯುತ್ತದೆಂದು ಎಫ್‌ಎಎ ಪ್ರಕಟಣೆಯೇ ಲೆಕ್ಕ ಹೇಳುತ್ತದೆ. ತಲಾ 100 ನಾಟ್ ವೇಗದಲ್ಲಿ ಎದುರಾಗುವ ಎರಡು ವಿಮಾನಗಳು ಅಷ್ಟು ಹೊತ್ತಿನಲ್ಲಿ ಸುಮಾರು 1,300 ಮೀಟರು ಹತ್ತಿರವಾಗುತ್ತವೆ. ಅಷ್ಟು ದೂರದಲ್ಲಿ, 11 ಮೀಟರಿನ ರೆಕ್ಕೆಯುಳ್ಳ ಸೆಸ್ನಾ ವಿಮಾನ ತುದಿಯಿಂದ ತುದಿಗೆ ಪೂರ್ಣಚಂದ್ರನ ಅಗಲದಷ್ಟು ಮಾತ್ರ, ಅದೂ ಗೆರೆಯಷ್ಟು ತೆಳ್ಳಗೆ ಕಾಣುವುದು. ಇದಕ್ಕಿಂತ ಕ್ರೂರವಾದ ಸಂಗತಿ ಇನ್ನೊಂದಿದೆ. ನಮ್ಮ ಕಣ್ಣು ಚಲನೆಯನ್ನು ಬೇಗ ಹಿಡಿಯುತ್ತದೆ. ಆದರೆ ನೇರವಾಗಿ ಢಿಕ್ಕಿಗೇ ಬರುತ್ತಿರುವ ವಿಮಾನ ಗಾಜಿನ ಮೇಲೆ ಒಂದೇ ಬಿಂದುವಿನಲ್ಲಿ ಅಲುಗದೆ ನಿಂತಿರುತ್ತದೆ, ಕಡೆಯ ಕೆಲವು ಕ್ಷಣಗಳಲ್ಲಿ ಮಾತ್ರ ಹಠಾತ್ತನೆ ದೊಡ್ಡದಾಗುತ್ತದೆ. ಚಲಿಸುವಂತೆ ಕಾಣುವ ವಿಮಾನ ಬಹುಶಃ ನಮ್ಮನ್ನು ಹಾಯದು. ಹಾಯಲಿರುವುದು ಚಲಿಸುವಂತೆ ಕಾಣದು. ಸಾಲದೆಂಬಂತೆ, ರೆಕ್ಕೆ ತಲೆಯ ಮೇಲಿರುವ ವಿಮಾನದವನಿಗೆ ಮೇಲಿನದೂ ತಿರುಗುವ ಕಡೆಯದೂ ಕಾಣದು, ರೆಕ್ಕೆ ಕಾಲ ಕೆಳಗಿರುವ ವಿಮಾನದವನಿಗೆ ಕೆಳಗಿನದು ಕಾಣದು. ಇಳಿಯುವ ದಾರಿಯಲ್ಲಿ ಎರಡನೆಯವನು ಮೊದಲನೆಯವನ ನೆತ್ತಿಯ ಮೇಲೆ ಬಂದರೆ ಇಬ್ಬರಲ್ಲಿ ಯಾರೂ ಇನ್ನೊಬ್ಬನನ್ನು ನೋಡಲಾರರು.

ಆಸ್ಟ್ರೇಲಿಯಾದ ಅಪಘಾತ ತನಿಖಾ ಇಲಾಖೆ 1991ರಲ್ಲಿ ಹೊರಡಿಸಿದ, ಅಲನ್ ಹಾಬ್ಸ್ ಬರೆದ ವರದಿ ಈ ದೌರ್ಬಲ್ಯಗಳನ್ನೆಲ್ಲ ಒಂದೆಡೆ ಸೇರಿಸಿ, ಬರಿಯ ದೃಷ್ಟಿಯನ್ನು ನಂಬಿ ವ್ಯವಸ್ಥೆ ಕಟ್ಟಬಾರದೆಂದು ತೋರಿಸಿತು. ಎಲ್ಲಿ ನೋಡಬೇಕೆಂದು ಮೊದಲೇ ತಿಳಿದವನ ಹುಡುಕಾಟ ತಿಳಿಯದವನ ಹುಡುಕಾಟಕ್ಕಿಂತ ಎಂಟು ಪಟ್ಟು ಫಲಕಾರಿಯೆಂಬ ಅಮೆರಿಕದ ಪ್ರಯೋಗಗಳ ಫಲಿತಾಂಶವನ್ನು ಅದು ಮುಂದಿಟ್ಟಿತು. ಮಿಕ್ಕ ಪಕ್ಷಗಳೆಲ್ಲ ಒಂದರ್ಥದಲ್ಲಿ ಈ ಎಂಟು ಪಟ್ಟನ್ನು ಗಳಿಸಿಕೊಳ್ಳುವ ಉಪಾಯಗಳೇ ಆಗಿವೆ.

ವಾಣಿಯನ್ನು ನೆಚ್ಚಿದವರು

ಗೋಪುರವಿಲ್ಲದಿದ್ದರೇನು, ವೈಮಾನಿಕರು ತಮ್ಮ ತಮ್ಮಲ್ಲಿ ಮಾತನಾಡಿಕೊಳ್ಳಬಹುದಲ್ಲವೆ? ಪ್ರತಿ ನಿಲ್ದಾಣಕ್ಕೂ ಒಂದು ಸಾಮಾನ್ಯ ರೇಡಿಯೊ ತರಂಗಾಂತರವನ್ನು ಗೊತ್ತುಮಾಡಿ, 10 ಮೈಲಿ ದೂರದಿಂದಲೇ ತಾನಾರು, ಎಲ್ಲಿರುವೆ, ಏನು ಮಾಡಲಿರುವೆ ಎಂದು ಸಾರುತ್ತ ಬರುವುದು ಅಮೆರಿಕದ ಪದ್ಧತಿ. ಸಾರುವಾಗ ನಿಲ್ದಾಣದ ಹೆಸರನ್ನು ಆರಂಭದಲ್ಲಿಯೂ ಅಂತ್ಯದಲ್ಲಿಯೂ ಹೇಳಬೇಕು, ಏಕೆಂದರೆ 122.8ರಂಥ ಒಂದೇ ತರಂಗಾಂತರವನ್ನು ಹತ್ತಾರು ನಿಲ್ದಾಣಗಳು ಹಂಚಿಕೊಂಡಿರುತ್ತವೆ, ಎತ್ತರದಲ್ಲಿರುವವನಿಗೆ ಅವೆಲ್ಲವುಗಳ ಮಾತೂ ಕೇಳಿಬರುತ್ತದೆ. ಇಬ್ಬರು ಒಟ್ಟಿಗೆ ಮಾತನಾಡಿದರೆ ಇಬ್ಬರ ಮಾತೂ ಕೆಟ್ಟು ಕೀರಲು ಸದ್ದಾಗುತ್ತದೆ. ಹಾಗೆ ಕೆಟ್ಟಿತೆಂಬುದು ಮಾತನಾಡಿದ ಆ ಇಬ್ಬರಿಗೇ ತಿಳಿಯುವುದಿಲ್ಲ.

ವಾಣಿಯ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ಅರಿಯಬೇಕಾದರೆ ಇಲಿನಾಯ್ ರಾಜ್ಯದ ಕ್ವಿನ್ಸಿ ನಿಲ್ದಾಣದಲ್ಲಿ 1996ರ ನವೆಂಬರ್ 19ರಂದು ನಡೆದುದನ್ನು ವಿವರವಾಗಿ ನೋಡಬೇಕು. (ಅದಕ್ಕೆ ಸರಿಯಾಗಿ ಒಂದು ವಾರ ಹಿಂದೆ ನಮ್ಮ ಹರಿಯಾಣದ ಚರ್ಖಿ ದಾದ್ರಿಯಲ್ಲಿ ಎರಡು ಮಹಾವಿಮಾನಗಳು, ನಿಯಂತ್ರಕರ ಕಾವಲಿನಲ್ಲಿಯೇ, ಡಿಕ್ಕಿಯಾಗಿ 349 ಜನ ಮಡಿದಿದ್ದರು.) ಕ್ವಿನ್ಸಿಗೆ 12 ಜನರನ್ನು ಹೊತ್ತ ಬೀಚ್ 1900 ಪ್ರಯಾಣಿಕ ವಿಮಾನವೊಂದು ಇಳಿಯಲು ಬರುತ್ತಿತ್ತು. ಅದು ಇಳಿಯಬೇಕಾಗಿದ್ದ ರನ್‌ವೇಯನ್ನು ಅಡ್ಡಹಾಯುವ ಮತ್ತೊಂದು ರನ್‌ವೇಯ ತುದಿಯಲ್ಲಿ ಕಿಂಗ್ ಏರ್ ವಿಮಾನ ಏರಲು ನಿಂತಿತ್ತು; ಅದರ ಹಿಂದೆ ಒಂದು ಸಣ್ಣ ಚೆರೊಕಿ. ಇಳಿಯುವವರು ಶಾಸ್ತ್ರೋಕ್ತವಾಗಿ ಮತ್ತೆ ಮತ್ತೆ ಸಾರಿದರು. ಕಡೆಗೆ, ರನ್‌ವೇಯ ಮೇಲಿರುವ ವಿಮಾನ ಕಾಯುವುದೋ ಏರುವುದೋ ಎಂದು ನೇರವಾಗಿ ಕೇಳಿದರು. ಕಿಂಗ್ ಏರ್‌ನಿಂದ ಉತ್ತರ ಬರಲಿಲ್ಲ. ಪ್ರಶ್ನೆ ತನಗೇ ಎಂದು ತಿಳಿದ ಚೆರೊಕಿಯ ವೈಮಾನಿಕ ತಾನು ಕಾದಿರುವೆನೆಂದು ಉತ್ತರಿಸಿದನು. ಕಿಂಗ್ ಏರ್‌ನ ಹೆಸರು ಆ ಮಾತಿನ ಕೊನೆಯಲ್ಲಿ ಬಂದಿತು. ಅದೇ ಕ್ಷಣದಲ್ಲಿ ಇಳಿಯುವ ವಿಮಾನದೊಳಗಿನ ಎಚ್ಚರಿಕೆಯ ಯಂತ್ರ ನೆಲಕ್ಕೆ ಇನ್ನೂರು ಅಡಿಯೆಂದು ಗಟ್ಟಿಯಾಗಿ ನುಡಿದು, ಆ ಮಾತಿನ ನಡುವಣ ಭಾಗವನ್ನು ನುಂಗಿಹಾಕಿತು. ಕಿಂಗ್ ಏರ್‌ನವನೇ ದಾರಿ ಬಿಟ್ಟನೆಂದು ನಂಬಿದ ಅವರು ಕೃತಜ್ಞತೆ ಹೇಳಿ ಇಳಿದರು. ಕಿಂಗ್ ಏರ್ ಏರಲು ಓಡತೊಡಗಿತು. ರನ್‌ವೇಗಳು ಕೂಡುವೆಡೆಯಲ್ಲಿ ಎರಡೂ ಸಂಧಿಸಿದವು. ಹೊಡೆತದಿಂದ ಬದುಕಿ ಉಳಿದಿದ್ದ ಪ್ರಯಾಣಿಕರನ್ನು ಹೊರತರಲು ಓಡಿಬಂದವರಿಗೆ ಬಾಗಿಲು ತೆರೆಯಲಾಗಲಿಲ್ಲ. ಬೆಂಕಿ ಎಲ್ಲವನ್ನೂ ಮುಗಿಸಿತು. ಎರಡೂ ವಿಮಾನಗಳಲ್ಲಿದ್ದ 14 ಜನರೂ ಸತ್ತರು.

ತನಿಖೆ ನಡೆಸಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ (ಎನ್‌ಟಿಎಸ್‌ಬಿ) ಮುಖ್ಯ ದೋಷವನ್ನು ಕಿಂಗ್ ಏರ್‌ನವರ ಮೇಲೆ ಹೊರಿಸಿತು: ಅವರು ರೇಡಿಯೊವನ್ನು ಸರಿಯಾಗಿ ಆಲಿಸಲಿಲ್ಲ, ಹೊರಗೆ ಸರಿಯಾಗಿ ನೋಡಲಿಲ್ಲ. ಆದರೆ ಈ ದುರಂತದಿಂದ ನನಗೆ ಕಾಣುವ ಪಾಠ ಅದಕ್ಕಿಂತ ವ್ಯಾಪಕವಾದುದು. ಮಾತಿಲ್ಲದಾಗ ಮನುಷ್ಯ ಎಚ್ಚರದಿಂದಿರುತ್ತಾನೆ. ಮಾತು ಕೇಳಿಬಂದಾಗ, ಅದು ಯಾರದೆಂದು ನಿಶ್ಚಯಿಸಿಕೊಳ್ಳದೆಯೇ, ಆ ಎಚ್ಚರವನ್ನು ಕೆಳಗಿಳಿಸುತ್ತಾನೆ.

ವಾಣಿಯನ್ನು ಕಡ್ಡಾಯ ಮಾಡಬೇಕೆ ಎಂಬಲ್ಲಿ ದೇಶಗಳು ಬೇರೆಬೇರೆ ದಾರಿ ಹಿಡಿದಿವೆ. ಕೆನಡಾ ಕೆಲವು ನಿಲ್ದಾಣಗಳ ಸುತ್ತ ಕಡ್ಡಾಯದ ತರಂಗಾಂತರಗಳನ್ನು ವಿಧಿಸಿದೆ. ಆಸ್ಟ್ರೇಲಿಯಾ ಪ್ರಮಾಣಪತ್ರ ಪಡೆದ ನಿಲ್ದಾಣಗಳಲ್ಲೆಲ್ಲ ರೇಡಿಯೊ ಇರಲೇಬೇಕೆನ್ನುತ್ತದೆ. ಅಮೆರಿಕ ಬಹುಪಾಲು ಗೋಪುರವಿಲ್ಲದ ನಿಲ್ದಾಣಗಳಲ್ಲಿ ಅದನ್ನು ಸಲಹೆಯಾಗಿಯೇ ಉಳಿಸಿದೆ. ಸಾರುವ ಭಾಷೆಯಲ್ಲಿಯೂ ತೊಡಕಿದೆ. ಉಪಕರಣಗಳ ಸಹಾಯದಿಂದ ಇಳಿಯುವುದನ್ನು ಅಭ್ಯಾಸ ಮಾಡುವವನು ನಕ್ಷೆಯಲ್ಲಿನ ಸಂಕೇತಬಿಂದುವಿನ ಹೆಸರು ಹೇಳಿ ತಾನಲ್ಲಿರುವೆನೆಂದರೆ, ಹತ್ತು ಗಂಟೆ ಹಾರಿದ ವಿದ್ಯಾರ್ಥಿಗೆ ಅದು ಯಾವ ದಿಕ್ಕೆಂಬುದೂ ತಿಳಿಯದು. ಇಷ್ಟು ಮೈಲಿ, ಇಂಥ ದಿಕ್ಕು ಎಂದು ಹೇಳಿರೆಂಬ ಎಫ್‌ಎಎ ಸಲಹೆ ಅತ್ಯಂತ ವಿವೇಕದ್ದು.

ಪಥದ ಪಕ್ಷ

ಮೂರನೆಯವರು ಹೇಳುವುದು ಹೀಗೆ: ನೋಡಬೇಕಾದ ಎಡೆ ಮೊದಲೇ ಗೊತ್ತಿದ್ದರೆ ಕಣ್ಣಿನ ಕೆಲಸ ಹಗುರವಾಗುತ್ತದೆ, ಎಲ್ಲರೂ ಒಂದೇ ದಾರಿಯಲ್ಲಿ ಬಂದರೆ ರೇಡಿಯೊ ಇಲ್ಲದವನೂ ಕಣ್ಣಿಗೆ ಬೀಳುತ್ತಾನೆ. ಈ ದಾರಿಗೆ ವೈಮಾನಿಕರು ಸರ್ಕಿಟ್ ಎನ್ನುತ್ತಾರೆ. ನೆಲದಿಂದ ಸಾಮಾನ್ಯವಾಗಿ 1,000 ಅಡಿ ಎತ್ತರದಲ್ಲಿ, ರನ್‌ವೇಗೆ ಸಮಾನಾಂತರವಾಗಿ ಗಾಳಿ ಬೀಸುವ ದಿಕ್ಕಿಗೇ ಸಾಗುವ ಡೌನ್‌ವಿಂಡ್, ಅಲ್ಲಿಂದ ಅಡ್ಡ ತಿರುಗಿ ಬೇಸ್, ಮತ್ತೆ ತಿರುಗಿ ರನ್‌ವೇಯ ನೇರಕ್ಕೆ ಫೈನಲ್. ಬೇರೆ ಸೂಚನೆ ಇಲ್ಲದ ಕಡೆಯಲ್ಲೆಲ್ಲ ತಿರುವುಗಳು ಎಡಕ್ಕೇ ಇರಬೇಕೆಂಬುದು ಅಮೆರಿಕದಲ್ಲಿ ಶಾಸನ. ವೈಮಾನಿಕ ಕುಳಿತುಕೊಳ್ಳುವುದು ಎಡಗಡೆಯ ಆಸನದಲ್ಲಾದುದರಿಂದ ಎಡ ತಿರುವಿನಲ್ಲಿ ರನ್‌ವೇ ಅವನ ಕಣ್ಣೆದುರಿಗೇ ಇರುತ್ತದೆ.

ಮತಭೇದವಿರುವುದು ಈ ಸರ್ಕಿಟ್ಟನ್ನು ಪ್ರವೇಶಿಸುವ ಬಗೆಯಲ್ಲಿ. ಅಮೆರಿಕದವರು ಡೌನ್‌ವಿಂಡಿನ ನಡುಭಾಗಕ್ಕೆ 45 ಡಿಗ್ರಿ ಕೋನದಲ್ಲಿ ಹೊರಗಿನಿಂದ ಸೇರಬೇಕೆನ್ನುತ್ತಾರೆ. ಬ್ರಿಟನ್ನಿನವರು ನಿಲ್ದಾಣದ ನೆತ್ತಿಗೆ 2,000 ಅಡಿ ಎತ್ತರದಲ್ಲಿ ಬಂದು, ಗಾಳಿಚೀಲವನ್ನೂ ಉಳಿದ ವಿಮಾನಗಳನ್ನೂ ನೋಡಿಕೊಂಡು, ಸಂಚಾರವಿಲ್ಲದ ಮಗ್ಗುಲಲ್ಲಿ ಇಳಿದು ಸೇರುತ್ತಾರೆ. ಕೆನಡಾದವರು ರನ್‌ವೇಯ ನಡುವನ್ನು ಅಡ್ಡ ದಾಟಿ ನೇರವಾಗಿ ಡೌನ್‌ವಿಂಡಿಗೆ ಬರುತ್ತಾರೆ. ಒಂದೊಂದಕ್ಕೂ ಸಮರ್ಥನೆಯಿದೆ, ಬ್ರಿಟಿಷ್ ಕ್ರಮದಲ್ಲಿ ಅವಲೋಕನಕ್ಕೆ ಅವಕಾಶ ಹೆಚ್ಚು, ಆದರೆ ನಾಲ್ಕು ಕಡೆಯಿಂದ ಬಂದವರು ಅದೇ ನೆತ್ತಿಯಲ್ಲಿ ಕೂಡುತ್ತಾರೆ. ಯಾವುದಾದರೊಂದನ್ನು ಎಲ್ಲರೂ ಪಾಲಿಸುವುದು ಉತ್ತಮವಾದುದನ್ನು ಕೆಲವರು ಪಾಲಿಸುವುದಕ್ಕಿಂತ ಮೇಲೆಂದು ನನ್ನ ಅಭಿಪ್ರಾಯ.

ವಿವಾದದ ಗಂಟು ಇರುವುದು ಸರ್ಕಿಟ್ಟನ್ನು ಸೇರದೆ ದೂರದಿಂದಲೇ ರನ್‌ವೇಯ ನೇರಕ್ಕೆ ಇಳಿದುಬರುವವರ ವಿಷಯದಲ್ಲಿ. ವೇಗದ ವಿಮಾನಗಳಿಗೂ ಉಪಕರಣಗಳನ್ನು ಅನುಸರಿಸಿ ಇಳಿಯುವವರಿಗೂ ಇದು ಸಹಜಮಾರ್ಗ. ಶಾಸನ ನಿಷೇಧಿಸಿಲ್ಲ, ಸರ್ಕಿಟ್ಟಿನಲ್ಲಿರುವವರಿಗೆ ಅಡ್ಡಿಯಾಗಬಾರದೆಂದು ಮಾತ್ರ ಎಫ್‌ಎಎ ಸಲಹಾಪತ್ರ ಹೇಳುತ್ತದೆ. 2022ರ ಆಗಸ್ಟ್ 18ರಂದು ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್ಲೆಯಲ್ಲಿ ಸೆಸ್ನಾ 152 ತರಬೇತಿ ವಿಮಾನ ಸರ್ಕಿಟ್ಟಿನಲ್ಲಿ ಸುತ್ತುತ್ತಿದ್ದಾಗ, ಎರಡು ಎಂಜಿನ್ನಿನ ಸೆಸ್ನಾ 340 ತಾನು 10 ಮೈಲಿ ದೂರದಿಂದ ನೇರಕ್ಕೆ ಬರುತ್ತಿರುವೆನೆಂದು ಸಾರಿತು. ಇಬ್ಬರೂ ಸಾರುತ್ತಲೇ ಇದ್ದರು, ಇಬ್ಬರೂ ಕೇಳುತ್ತಲೇ ಇದ್ದರು. ಆದರೆ 340ರ ವೇಗ ಸುಮಾರು 180 ನಾಟ್‌. ಇಳಿಯುವ ಸಣ್ಣ ವಿಮಾನದ ವೇಗ ಅರವತ್ತರ ಆಸುಪಾಸು. ಈ ವ್ಯತ್ಯಾಸದಲ್ಲಿ ಒಂದು ಮೈಲಿಯ ಅಂತರ ಅರ್ಧ ನಿಮಿಷದಲ್ಲಿ ಕರಗಿಹೋಗುತ್ತದೆ. ಹಿಂದಿನಿಂದ ನುಗ್ಗಿ ಬರುತ್ತಿರುವುದನ್ನು ಕಂಡ ತರಬೇತಿ ವಿಮಾನದವನು, ನೀನು ಬಹಳ ವೇಗವಾಗಿ ಬರುತ್ತಿರುವೆ, ನಾನು ಇಳಿಯದೆ ಮೇಲೇರುತ್ತೇನೆ ಎಂಬರ್ಥದ ಮಾತಾಡಿದನು. ಅದು ಸಾಕಾಗಲಿಲ್ಲ, ಮೂರು ಜನ ಮಡಿದರು. ಎನ್‌ಟಿಎಸ್‌ಬಿ 340ರವನು ಕಂಡು ತಪ್ಪಿಸಿಕೊಳ್ಳಲಿಲ್ಲವೆಂದೂ ಅವನ ಅತಿವೇಗವೂ ಕಾರಣವೆಂದೂ ತೀರ್ಮಾನಿಸಿತು.

ಹಕ್ಕು ಯಾರದಾಗಿತ್ತು? ಫೈನಲ್‌ನಲ್ಲಿ ಇಳಿಯುತ್ತಿರುವ ವಿಮಾನಕ್ಕೆ ಮಿಕ್ಕೆಲ್ಲರೂ ದಾರಿ ಬಿಡಬೇಕೆಂದು ಶಾಸನವಿದೆ. ಇಬ್ಬರು ಇಳಿಯುವವರಲ್ಲಿ ಕೆಳಗಿರುವವನಿಗೆ ಹಕ್ಕು, ಆದರೆ ಆ ಹಕ್ಕಿನ ನೆಪದಿಂದ ಇನ್ನೊಬ್ಬನ ಮುಂದೆ ನುಗ್ಗಕೂಡದು ಎಂದೂ ಇದೆ. ಆದರೆ ಫೈನಲ್ ಎಷ್ಟು ಉದ್ದದ್ದೆಂದು ಎಲ್ಲಿಯೂ ಹೇಳಿಲ್ಲ! ಹತ್ತು ಮೈಲಿ ದೂರದಲ್ಲಿ ನೇರಕ್ಕೆ ಬಂದವನು ಅಷ್ಟರಿಂದಲೇ ಸರ್ಕಿಟ್ಟಿನಲ್ಲಿರುವವರೆಲ್ಲರನ್ನೂ ತಡೆದು ನಿಲ್ಲಿಸುವ ಅಧಿಕಾರ ಪಡೆಯುವನೆ? ಎಫ್‌ಎಎ 2018ರಲ್ಲಿಯೂ 2023ರಲ್ಲಿಯೂ ತನ್ನ ಸಲಹಾಪತ್ರವನ್ನು ಪರಿಷ್ಕರಿಸಿದಾಗ ಸೌಜನ್ಯವನ್ನು ಒತ್ತಿ ಹೇಳಿತು, ಅಳತೆಯನ್ನು ಕೊಡಲಿಲ್ಲ. ಆಸ್ಟ್ರೇಲಿಯಾದವರು ನೇರಕ್ಕೆ ಇಳಿಯುವವನು ಕನಿಷ್ಠ 3 ಮೈಲಿ ದೂರದಲ್ಲಿಯೇ ಫೈನಲ್‌ನಲ್ಲಿ ನೆಲೆಗೊಂಡಿರಬೇಕೆಂದು ಅಂಕೆ ಹಾಕಿದ್ದಾರೆ. ಅಂಕೆಯಿಲ್ಲದ ಸೌಜನ್ಯಕ್ಕಿಂತ ಅಂಕೆಯುಳ್ಳ ಸೌಜನ್ಯ ಲೇಸೆಂಬುದರಲ್ಲಿ ನನಗೆ ಸಂಶಯವಿಲ್ಲ.

ಯಂತ್ರವನ್ನು ಆಶ್ರಯಿಸಿದವರು

2020ರ ಜನವರಿ 1ರಿಂದ ಅಮೆರಿಕದ ದೊಡ್ಡ ನಗರಗಳ ಸುತ್ತಲೂ 10,000 ಅಡಿಗೆ ಮೇಲೆಯೂ ಹಾರುವ ವಿಮಾನಗಳು ತಮ್ಮ ಸ್ಥಾನವನ್ನು ಎಡೆಬಿಡದೆ ಪ್ರಸಾರ ಮಾಡುವ ಎಡಿಎಸ್-ಬಿ ಯಂತ್ರವನ್ನು ಹೊಂದಿರಲೇಬೇಕು. ಪ್ರಸಾರ ಕಡ್ಡಾಯ, ಇತರರ ಪ್ರಸಾರವನ್ನು ಹಿಡಿದು ಪರದೆಯ ಮೇಲೆ ತೋರಿಸುವ ಯಂತ್ರ ಐಚ್ಛಿಕ. ಯೂರೋಪಿನ ಗ್ಲೈಡರುಗಳವರು 2004ರಿಂದ ಫ್ಲಾರ್ಮ್ ಎಂಬ ಅಗ್ಗದ ಎಚ್ಚರಿಕೆಯ ಪೆಟ್ಟಿಗೆಯನ್ನು ಸ್ವಂತ ಇಚ್ಛೆಯಿಂದಲೇ ವ್ಯಾಪಕವಾಗಿ ಸ್ವೀಕರಿಸಿದ್ದಾರೆ.

ಈ ಪಕ್ಷದ ಪರವಾಗಿ ಹೇಳಬಹುದಾದ ಅತ್ಯಂತ ಗಂಭೀರವಾದ ಉದಾಹರಣೆ ನಮ್ಮ ಕಡಲತೀರದ ಮಂಗಳೂರಿನ ಹೆಸರನ್ನೇ ಹೊತ್ತ, ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ನಿಲ್ದಾಣವೊಂದರ ಸಮೀಪ 2020ರ ಫೆಬ್ರುವರಿ 19ರಂದು ನಡೆದುದು. ತರಬೇತಿಯಲ್ಲಿದ್ದ ಎರಡು ವಿಮಾನಗಳು ಡಿಕ್ಕಿಯಾಗಿ ನಾಲ್ವರು ಸತ್ತರು. ಇಬ್ಬರಿಗೂ ದೂರದ ನಿಯಂತ್ರಕನಿಂದ ಪರಸ್ಪರರ ವಿಷಯ ತಿಳಿದಿತ್ತು. ಎರಡೂ ವಿಮಾನಗಳು ತಮ್ಮ ಸ್ಥಾನವನ್ನು ಪ್ರಸಾರ ಮಾಡುತ್ತಿದ್ದವು. ಅದನ್ನು ಹಿಡಿದು ತೋರಿಸುವ ಯಂತ್ರ ಎರಡರಲ್ಲಿಯೂ ಇರಲಿಲ್ಲ. ಅದರ ಬಳಿಕ ಅಲ್ಲಿನ ಸರ್ಕಾರ ಸಣ್ಣ ವಿಮಾನಗಳಿಗೆ ಎಡಿಎಸ್-ಬಿ ಹಾಕಿಸಿಕೊಳ್ಳಲು ಸಹಾಯಧನ ಕೊಡತೊಡಗಿತು.

ವಿರೋಧಿಗಳ ಆಕ್ಷೇಪಗಳೂ ಹಗುರವಾದವಲ್ಲ. ಪರದೆ ಯಂತ್ರವುಳ್ಳವರನ್ನು ಮಾತ್ರ ತೋರಿಸುತ್ತದೆ; ಅದು ಖಾಲಿಯಾಗಿರುವಾಗ ಆಕಾಶವೂ ಖಾಲಿಯೆಂದು ನಂಬುವ ಪ್ರವೃತ್ತಿ ಬೆಳೆಯುತ್ತದೆ. ಸರ್ಕಿಟ್ಟಿನಲ್ಲಿ ಎಲ್ಲರೂ ಎಲ್ಲರಿಗೂ ಹತ್ತಿರವೇ ಇರುವುದರಿಂದ ಎಚ್ಚರಿಕೆಯ ಗಂಟೆ ಪದೇ ಪದೇ ಮೊಳಗಿ ಅರ್ಥ ಕಳೆದುಕೊಳ್ಳುತ್ತದೆ. ಹೊರಗೆ ನೋಡಲೇಬೇಕಾದ ಗಳಿಗೆಯಲ್ಲಿ ತಲೆ ಕೆಳಗಾಗಿರುತ್ತದೆ. ಸರ್ಕಿಟ್ಟಿಗೆ ಬರುವ ಮೊದಲು ಪರದೆ, ಬಂದ ಮೇಲೆ ಕಣ್ಣು ಎಂಬ ವಿಭಾಗವನ್ನು ಅನೇಕ ಶಿಕ್ಷಕರು ಬೋಧಿಸುತ್ತಾರೆ. ಇದು ನನಗೂ ಒಪ್ಪಿಗೆ.

ಗೋಪುರವನ್ನೇ ಕಟ್ಟಬಾರದೇಕೆ?

ಸಂಬಳ ಕೊಡಬೇಕಾದ ಕಾರಣದಿಂದ. ಲಾಭವು ವೆಚ್ಚವನ್ನು ಮೀರಿದರೆ ಮಾತ್ರ ಗೋಪುರವೆಂಬುದು ಎಫ್‌ಎಎ ನೀತಿ. 2013ರಲ್ಲಿ ಆಯವ್ಯಯದ ಕಡಿತ ಬಂದಾಗ ಗುತ್ತಿಗೆಯ 149 ಗೋಪುರಗಳನ್ನು ಮುಚ್ಚುವ ಘೋಷಣೆಯೇ ಹೊರಟಿತ್ತು, ಶಾಸನಸಭೆ ಅಡ್ಡಬಂದುದರಿಂದ ಅವು ಉಳಿದುಕೊಂಡವು. ಗೋಪುರ ಸರ್ವರೋಗ ಪರಿಹಾರವೂ ಅಲ್ಲ: 2022ರ ಜುಲೈಯಲ್ಲಿ ಗೋಪುರವುಳ್ಳ ಉತ್ತರ ಲಾಸ್ ವೇಗಾಸ್ ನಿಲ್ದಾಣದಲ್ಲಿಯೇ ಎರಡು ಸಣ್ಣ ವಿಮಾನಗಳು ಡಿಕ್ಕಿಯಾಗಿ ನಾಲ್ವರು ಸತ್ತರು. ಸ್ವೀಡನ್ನಿನಲ್ಲಿ 2015ರಿಂದ ಅರ್ನ್‌ಷೋಲ್ಡ್ಸ್‌ವಿಕ್ ನಿಲ್ದಾಣವನ್ನು ದೂರದ ಊರಿನಿಂದ ಕ್ಯಾಮೆರಾಗಳ ಮೂಲಕ ನಡೆಸುತ್ತಿದ್ದಾರೆ; ವರ್ಜೀನಿಯಾದ ಲೀಸ್‌ಬರ್ಗ್‌ನಲ್ಲಿ ನಡೆದ ಇಂಥದೇ ಪ್ರಯೋಗ 2023ರಲ್ಲಿ ನಿಂತುಹೋಯಿತು. ಬ್ರಿಟನ್ನಿನಲ್ಲಿ ರೂಢಿಯಲ್ಲಿರುವ, ಆಕಾಶದಲ್ಲಿರುವವರಿಗೆ ಆಜ್ಞೆ ಮಾಡದೆ ಮಾಹಿತಿಯನ್ನಷ್ಟೇ ಕೊಡುವ ಅಧಿಕಾರಿಯನ್ನು ಕೂರಿಸುವ ಮಧ್ಯಮ ಕ್ರಮಕ್ಕೆ ಅಮೆರಿಕದಲ್ಲಿ ದೊರೆತಿರುವ ಗಮನ ಸಾಲದು.

ಇತ್ಯರ್ಥವಾಗದ ವಿಷಯಗಳು

ಈ ಪಕ್ಷಗಳಲ್ಲಿ ಯಾವುದರ ಬಲ ಎಷ್ಟೆಂದು ಅಂಕಿಸಂಖ್ಯೆಯಿಂದ ನಿರ್ಣಯಿಸಲಾಗದಿರುವುದಕ್ಕೆ ಮೂಲಭೂತವಾದ ಕಾರಣವೊಂದಿದೆ. ಗೋಪುರವಿದ್ದರೆ ಎಷ್ಟು ವಿಮಾನ ಏರಿದವು, ಎಷ್ಟು ಇಳಿದವು ಎಂದು ಬರೆದಿಡುವವರಿರುತ್ತಾರೆ. ಇಲ್ಲದ ಕಡೆ ಆ ಸಂಖ್ಯೆ ಬಹುಮಟ್ಟಿಗೆ ಅಂದಾಜು. ಸತ್ತವರ ಲೆಕ್ಕ ಖಚಿತವಾಗಿದೆ, ಕೂದಲೆಳೆಯಲ್ಲಿ ಪಾರಾದವರ ಲೆಕ್ಕ ಅವರು ತಾವಾಗಿ ಹೇಳಿಕೊಂಡಷ್ಟೇ, ಸುರಕ್ಷಿತವಾಗಿ ಇಳಿದವರ ಲೆಕ್ಕವಂತೂ ಇಲ್ಲವೇ ಇಲ್ಲ. ಹೀಗಿರುವಾಗ ಗೋಪುರವುಳ್ಳ ನಿಲ್ದಾಣಕ್ಕೂ ಇಲ್ಲದ ನಿಲ್ದಾಣಕ್ಕೂ ಅಪಾಯದ ಪ್ರಮಾಣವನ್ನು ಹೋಲಿಸುವ ವಾದಗಳನ್ನು ಬಹು ಜಾಗರೂಕತೆಯಿಂದ ಓದಬೇಕು.

ಫೈನಲ್‌ನ ಉದ್ದ ನಿಶ್ಚಯವಾಗಿಲ್ಲ. ರೇಡಿಯೊ ಕಡ್ಡಾಯವಾದರೆ ವಿದ್ಯುತ್ತಿಲ್ಲದ ಹಳೆಯ ವಿಮಾನಗಳಿಗೆ ಸಣ್ಣದೊಂದು ಕೈರೇಡಿಯೊ ಸಾಕೇ, ಆ ವೆಚ್ಚವನ್ನು ಹೊರುವವರು ಯಾರು ಎಂಬುದೂ ನಿಶ್ಚಯವಾಗಿಲ್ಲ. ವೇಗದ ವಿಮಾನಕ್ಕೂ ನಿಧಾನದ ವಿಮಾನಕ್ಕೂ ಒಂದೇ ಸರ್ಕಿಟ್ ಸಾಧುವೇ, ಅಥವಾ ಈಗ ದೊಡ್ಡ ಮತ್ತು ಟರ್ಬೈನ್ ವಿಮಾನಗಳಿಗೆ ಹೇಳುವಂತೆ 1,500 ಅಡಿಯ ಬೇರೆ ಎತ್ತರವನ್ನು ಎಲ್ಲ ವೇಗದ ವಿಮಾನಗಳಿಗೂ ವಿಧಿಸಬೇಕೆ ಎಂಬ ಚರ್ಚೆಯೂ ತೆರೆದೇ ಇದೆ.

ಇವೆಲ್ಲಕ್ಕಿಂತ ಹೊಸದಾದ ಪ್ರಶ್ನೆ ಮನುಷ್ಯನಿಲ್ಲದ ವಿಮಾನಗಳದು. ಎಫ್‌ಎಎ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಕರಡು ನಿಯಮವು, ತಗ್ಗಿನಲ್ಲಿ ಹಾರುವ ಡ್ರೋನುಗಳು ತಮ್ಮ ಸ್ಥಾನವನ್ನು ಪ್ರಸಾರ ಮಾಡುವ ವಿಮಾನಗಳಿಗೆ ದಾರಿ ಬಿಡಬೇಕೆಂದೂ, ಪ್ರಸಾರ ಮಾಡದ ವಿಮಾನಗಳ ವಿಷಯದಲ್ಲಿ ಅನೇಕ ಸಂದರ್ಭಗಳಲ್ಲಿ ಡ್ರೋನಿಗೇ ಹಕ್ಕಿರಬಹುದೆಂದೂ ಸೂಚಿಸಿತು. ಒಂದು ಶತಮಾನದಿಂದ ದಾರಿಯ ಹಕ್ಕನ್ನು ನಿರ್ಧರಿಸುತ್ತಿದ್ದುದು ವಿಮಾನ ಯಾವ ಕಡೆಯಿಂದ ಬಂತು, ಯಾವ ಎತ್ತರದಲ್ಲಿದೆ ಎಂಬುದು. ಇನ್ನು ಮುಂದೆ ಅದರೊಳಗೆ ಯಾವ ಯಂತ್ರವಿದೆ ಎಂಬುದು ನಿರ್ಧರಿಸಬೇಕೇ? ಯಂತ್ರವಿಲ್ಲದ ಕಬ್ ವಿಮಾನದ ಒಡೆಯರೂ ಗ್ಲೈಡರಿನವರೂ ಔಷಧ ಸಿಂಪಡಿಸುವವರೂ ಈ ಪ್ರಶ್ನೆಗೆ ಬರುವ ಉತ್ತರವನ್ನು ಆತಂಕದಿಂದ ಕಾಯಲು ಸಕಾರಣವಿದೆ.